ಮನೆಯ ಹಿಂದಿನ ಗಲ್ಲಿ
(ಕಾರ್ಯಕರ್ತರ ಸಭೆಯಲ್ಲಿ ಮಾಡಿದ ಭಾಷಣ)



1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಪೇಟೆಯ ಇಕ್ಕಟ್ಟು ಓಣಿಗಳಲ್ಲಿ ಇಲಿಗೂ ಮನುಷ್ಯನಿಗೂ ಒಂದೇ ಸೂರು. ಸಾವಿರಾರು ಜನ ಸತ್ತರು. ಆಮೇಲೆ ಬಸವನಗುಡಿ, ಮಲ್ಲೇಶ್ವರಗಳು ಬೆಳೆದವು. ಅಗಲವಾದ ನೇರ ರಸ್ತೆ, ಗಾಳಿ, ಬೆಳಕು. ಒಳ್ಳೆಯ ಯೋಜನೆಯೇ, ಅಲ್ಲಗಳೆಯುವುದಿಲ್ಲ. ಆದರೆ ಅದೇ ನಕ್ಷೆಯಲ್ಲಿ ಮನೆಗಳ ಬೆನ್ನಿಗೆ ಸಣ್ಣ ಗಲ್ಲಿಗಳನ್ನೂ ಎಳೆದರು. ಕಕ್ಕಸಿನ ಮಲ ಹೊರುವವನು ಮುಂಬಾಗಿಲಿನವರ ಕಣ್ಣಿಗೆ ಬೀಳದೆ ಆ ದಾರಿಯಲ್ಲೇ ಬಂದು ಹೋಗಬೇಕು! ಮನೆಯವರ ಆರೋಗ್ಯಕ್ಕೆ ದಾರಿಯಾಯಿತು. ಹೊರುವವನ ಆರೋಗ್ಯ ಯಾವ ನಕ್ಷೆಯಲ್ಲಿತ್ತು?

ಮಲ ಹೊರಿಸುವುದನ್ನು ನಿಷೇಧಿಸಿ 1993ರಲ್ಲಿ ಕಾನೂನಾಯಿತು, 2013ರಲ್ಲಿ ಇನ್ನೊಂದು. ಈಗಲೂ ಮ್ಯಾನ್‌ಹೋಲಿಗೆ ಇಳಿದವರು ವಿಷಗಾಳಿಗೆ ಸಾಯುತ್ತಿದ್ದಾರೆ. ನಮ್ಮೂರಿನ ಹೊಸ ಬಡಾವಣೆಯ ನಕ್ಷೆ ನಗರಸಭೆಗೆ ಬಂದಾಗ, ಪೌರಕಾರ್ಮಿಕರಿಗೆ ಎಷ್ಟು ನಿವೇಶನ, ಅವರ ನಲ್ಲಿ ಎಲ್ಲಿ, ಚರಂಡಿ ಎಲ್ಲಿ ಎಂದು ನಮ್ಮ ಸದಸ್ಯರು ಮೊದಲು ಕೇಳಬೇಕು.