ಬಣ್ಣದ ಮನೆಯ ಜಗಳ

ನಗೆನಾಟಕದವರು ತಮ್ಮ ಕಸುಬನ್ನೇ ನಗೆಗೆ ಈಡುಮಾಡಿಕೊಂಡಾಗ ಹುಟ್ಟುವ ನಗುವಿಗೆ ಬೇರೆಯೇ ಒಂದು ರುಚಿಯುಂಟು. ವಕೀಲನನ್ನೋ ವೈದ್ಯನನ್ನೋ ಕುರಿತ ಪ್ರಹಸನವನ್ನು ನೋಡುವಾಗ ನಾವೂ ಹೊರಗಿನವರು, ಬರೆದವನೂ ಹೊರಗಿನವನು. ನಟನೇ ನಟನನ್ನು ಕುರಿತು ನಗಿಸತೊಡಗಿದರೆ, ಪರದೆಯ ಅಂಚನ್ನು ತುಸುವೇ ಎತ್ತಿ, ಬಣ್ಣದ ಮನೆಯೊಳಗೆ ನಡೆದಿರುವುದನ್ನು ಒಳಗಿನವರೇ ನಮಗೆ ತೋರಿಸಿದಂತಾಗುತ್ತದೆ.

2025ರಲ್ಲಿ ಅಮೆರಿಕದಲ್ಲಿ ಹೊರಬಂದ ‘ದಿ ಸ್ಟುಡಿಯೋ’ ಎಂಬ ದೂರದರ್ಶನ ಹಾಸ್ಯಮಾಲಿಕೆ ಈ ಜಾತಿಯದು. ಹಾಲಿವುಡ್ಡಿನ ಕಲ್ಪಿತ ಚಿತ್ರಸಂಸ್ಥೆಯೊಂದರ ಕಚೇರಿಯೇ ಅದರ ರಂಗಸ್ಥಳ. ಆ ವರ್ಷದ ಎಮ್ಮಿ ಪ್ರಶಸ್ತಿಗಳಲ್ಲಿ 13 ಅದರ ಪಾಲಿಗೆ ಬಂದವು. ಅದರ ಒಂದು ಕಂತಿನಲ್ಲಿ ಆ ಸಂಸ್ಥೆಯ ಇಬ್ಬರು ಅಧಿಕಾರಿಗಳು ಕಾದಾಡುತ್ತಾರೆ. ಒಬ್ಬನು ನುರಿತ ಹಳಬ. ಇನ್ನೊಬ್ಬಳು ಮೇಲೇರುವ ಆತುರದ ಕಿರಿಯಳು. ಒಂದೇ ಚಿತ್ರಕ್ಕೆ ತನ್ನ ಕಡೆಯ ನಿರ್ದೇಶಕನೇ ಆಗಬೇಕೆಂದು ಇಬ್ಬರದೂ ಹಟ. ಹಟ ಬೆಳೆದು, ಒಬ್ಬರ ಕೆಲಸವನ್ನು ಇನ್ನೊಬ್ಬರು ಕೆಡಿಸುವ ಮಟ್ಟಕ್ಕೆ ಮುಟ್ಟುತ್ತದೆ. ನೋಡುವವರಿಗೆ ನಕ್ಕು ಸಾಕಾಗುತ್ತದೆ. ನಗು ಇಳಿದ ಮೇಲೆ ಮಾತ್ರ ಒಂದು ಪ್ರಶ್ನೆ ಉಳಿಯುತ್ತದೆ: ಈ ಜಗಳದಲ್ಲಿ ಪಣಕ್ಕೆ ಬಿದ್ದವರು ಯಾರು? ಅಧಿಕಾರಿಗಳಿಬ್ಬರಿಗೂ ಕುರ್ಚಿ ಇದ್ದೇ ಇದೆ. ಕೆಲಸ ಸಿಕ್ಕೀತೋ ಇಲ್ಲವೋ ಎಂದು ಬಾಗಿಲ ಹೊರಗೆ ಕಾದಿರುವವರು ಬೇರೆಯವರು.

ಈ ಪ್ರಶ್ನೆಯನ್ನು ಕೇಳಲು ನಾವು ಹಾಲಿವುಡ್ಡಿನವರೆಗೆ ಹೋಗಬೇಕಾಗಿರಲಿಲ್ಲ. ಕಾಳಿದಾಸನ ‘ಮಾಲವಿಕಾಗ್ನಿಮಿತ್ರ’ದ ಮೊದಲ ಎರಡು ಅಂಕಗಳನ್ನು ತೆರೆದು ನೋಡಿದರೆ ಸಾಕು. ಅಗ್ನಿಮಿತ್ರನ ಅರಮನೆಯಲ್ಲಿ ಗಣದಾಸ, ಹರದತ್ತರೆಂಬ ಇಬ್ಬರು ನಾಟ್ಯಾಚಾರ್ಯರು. ಇಬ್ಬರೂ ಸಂಬಳದವರು, ಗಣದಾಸನು ರಾಣಿ ಧಾರಿಣಿಯ ಕಡೆಯವನು, ಹರದತ್ತನು ಅರಸನ ಕಡೆಯವನು. ತಮ್ಮಲ್ಲಿ ಯಾರು ಹೆಚ್ಚೆಂದು ತೀರ್ಮಾನವಾಗಬೇಕು ಎಂದು ಇಬ್ಬರೂ ಏರುದನಿಯಲ್ಲಿ ಅರಸನ ಮುಂದೆ ಬಂದು ನಿಲ್ಲುತ್ತಾರೆ. ಜೊತೆಯಲ್ಲಿದ್ದ ವಿದೂಷಕ ಗೌತಮನು ಇದನ್ನು ಟಗರುಗಳ ಕಾಳಗಕ್ಕೆ ಹೋಲಿಸಿ, ಇಷ್ಟನ್ನೂ ನೋಡದಿದ್ದರೆ ಇವರಿಗೆ ಸುಮ್ಮನೆ ಸಂಬಳ ತೆತ್ತು ಫಲವೇನು ಎಂಬ ಅರ್ಥದಲ್ಲಿ ಕೆಣಕುತ್ತಾನೆ. ಟಗರಿನ ಕಾಳಗವೆಂದರೆ ಏನೆಂದು ಕುಷ್ಟಗಿ, ಯಲಬುರ್ಗಾ ಕಡೆಯ ಕೇಳುಗರಿಗೆ ನಾನು ವಿವರಿಸಬೇಕಾಗಿಲ್ಲ. ಟಗರಿಗೆ ತಾನೇಕೆ ಹಾಯುತ್ತಿದ್ದೇನೆಂಬುದು ತಿಳಿಯದು. ತಿಳಿದಿರುವುದು ಕಣದ ಸುತ್ತ ನಿಂತವರಿಗೆ.

ಇಲ್ಲಿಯೂ ಹಾಗೆಯೇ. ಜಗಳವನ್ನು ಹೂಡಿದವನು ವಿದೂಷಕ. ಚಿತ್ರದಲ್ಲಿ ಮಾತ್ರ ಕಂಡಿದ್ದ ಮಾಲವಿಕೆಯನ್ನು ಅರಸನು ಕಣ್ಣಾರೆ ಕಾಣಬೇಕು. ರಾಣಿಯಾದರೋ ಅವಳನ್ನು ಅವನ ಕಣ್ಣಿಗೆ ಬೀಳದಂತೆ ಕಾಪಾಡುತ್ತಿದ್ದಾಳೆ. ಅವಳು ಗಣದಾಸನ ಶಿಷ್ಯೆ. ಗುರುಗಳಿಬ್ಬರೂ ಕಾದಾಡಿದರೆ ಶಿಷ್ಯೆಯನ್ನು ರಂಗಕ್ಕೆ ತರಲೇಬೇಕಷ್ಟೆ. ತೀರ್ಪಿಗೆ ಕುಳಿತ ಪರಿವ್ರಾಜಿಕೆ ಕೌಶಿಕಿ, ಗುರುವಿನ ಹಿರಿಮೆಯನ್ನು ಅಳೆಯುವಾಗ ಅವನ ಸ್ವಂತ ವಿದ್ಯೆಯ ಜೊತೆಗೆ ಕಲಿಸುವ ಶಕ್ತಿಯನ್ನೂ ನೋಡಬೇಕು ಎಂದು ವಿಧಿಸುತ್ತಾಳೆ. ಧಾರಿಣಿಗೆ ಒಳಸಂಚಿನ ವಾಸನೆ ಬಡಿದು, ಇದೆಲ್ಲ ಬೇಡವೆಂದು ತಡೆಯಲು ನೋಡುತ್ತಾಳೆ. ಆಗ ಹಟಹಿಡಿದು ಮುಂದೆ ನುಗ್ಗುವವನು ಬೇರಾರೂ ಅಲ್ಲ, ರಾಣಿಯ ಅನ್ನ ತಿನ್ನುವ ಗಣದಾಸನೇ! ತನ್ನ ವಿದ್ಯೆಯ ಮಾನದ ಪ್ರಶ್ನೆ ಬಂದಾಗ ಆ ಸಾಧು ಮನುಷ್ಯನಿಗೆ ಒಡತಿಯ ಕಣ್ಸನ್ನೆಯೂ ಕಾಣಲಿಲ್ಲ. ನನ್ನ ಮಟ್ಟಿಗೆ, ಕಸುಬುದಾರನ ಅಭಿಮಾನವನ್ನು ಇಷ್ಟು ನವುರಾಗಿ, ಇಷ್ಟು ಕನಿಕರದಿಂದ ನಗೆಗೊಳಪಡಿಸಿದ ಪ್ರಸಂಗ ನಮ್ಮ ನಾಟಕಗಳಲ್ಲಿ ವಿರಳ.

ಎರಡನೆಯ ಅಂಕದಲ್ಲಿ ಮಾಲವಿಕೆ ಹಾಡಿ ಕುಣಿಯುತ್ತಾಳೆ. ಅರಸನಿಗೆ ಬೇಕಾದುದು ಆಯಿತು. ಇನ್ನು ಹರದತ್ತನ ಸರದಿ. ಅವನು ವಿನಯದಿಂದ ಅಪ್ಪಣೆ ಕೇಳುತ್ತಾನೆ. ಅಷ್ಟರಲ್ಲಿ ಮಧ್ಯಾಹ್ನವಾಯಿತೆಂದು ವೈತಾಳಿಕರು ಸಾರುತ್ತಾರೆ, ವಿದೂಷಕನಿಗೆ ಊಟದ ಹೊತ್ತು ನೆನಪಾಗುತ್ತದೆ, ಸಭೆ ಏಳುತ್ತದೆ. ಹರದತ್ತನ ವಿದ್ಯೆಯನ್ನು ನಾವು ಕೊನೆಯವರೆಗೂ ನೋಡುವುದೇ ಇಲ್ಲ. ಮೂರನೆಯ ಅಂಕದ ಮೊದಲಲ್ಲಿ ದಾಸಿಯರಿಬ್ಬರ ಮಾತಿನಿಂದ, ಗಣದಾಸನೇ ಮೇಲೆನಿಸಿದನೆಂದು ಗೊತ್ತಾಗುತ್ತದೆ. ಅದೂ ಶಿಷ್ಯೆಯ ಗುಣದಿಂದ. ಗೆಲುವು ಗುರುವಿಗೆ, ಎಲ್ಲರ ಕಣ್ಣಿನೆದುರು ನಿಂತು ಬೆವರಿದವಳು ಆ ಹುಡುಗಿ. ಬೇಕೋ ಬೇಡವೋ ಎಂದು ಅವಳನ್ನು ಯಾರೂ ಕೇಳಿರಲಿಲ್ಲ.

ನಮ್ಮ ಕಡೆಯಲ್ಲಿ ಗಣದಾಸ ಹರದತ್ತರ ಈ ಅರಮನೆಗೆ ‘ಕಂಪನಿ’ ಎಂದು ಹೆಸರು. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆ, ಹುಲಿಗೆಮ್ಮನ ಜಾತ್ರೆ, ಮಲಪ್ರಭೆಯ ಆಚೆ ಬಾದಾಮಿಯ ಬನಶಂಕರಿ ಜಾತ್ರೆ, ಇವೆಲ್ಲ ವೃತ್ತಿನಾಟಕದ ಬೆನ್ನಿಗೆ ಇದ್ದು ಅದನ್ನು ಸಾಕಿದ ಊರುಗಳು. ಬನಶಂಕರಿಯಲ್ಲಂತೂ ಒಂದೇ ಜಾತ್ರೆಗೆ ಹಲವು ಕಂಪನಿಗಳು ಮಗ್ಗುಲು ಮಗ್ಗುಲಿಗೆ ಡೇರೆ ಹೊಡೆಯುತ್ತವೆ. ಒಂದರ ಮೈಕಿನ ಕೂಗನ್ನು ಇನ್ನೊಂದರ ಕೂಗು ನುಂಗುತ್ತದೆ. ಇದು ಹೊರಗಿನ ಪೈಪೋಟಿ, ಕಿವಿಗೆ ಕೇಳುವಂಥದು. ಒಳಗಿನದು ಕೇಳಿಸುವುದಿಲ್ಲ. ಕರಪತ್ರದಲ್ಲಿ ಯಾರ ಹೆಸರು ಮೇಲೆ, ಯಾರದು ಎಷ್ಟು ದಪ್ಪಕ್ಷರದಲ್ಲಿ; ಯಾರ ಹಾಡಿಗೆ ‘ಒನ್ಸ್ ಮೋರ್’ ಬಿತ್ತು; ಯಾರ ಪ್ರವೇಶಕ್ಕೆ ಪೇಟಿಯವನು ಬೇಕೆಂದೇ ಸ್ವರ ತಗ್ಗಿಸಿದ. ನಾಯಕನಿಗೂ ಹಾಸ್ಯಗಾರನಿಗೂ ಇರುವ ಮುನಿಸು ಇವೆಲ್ಲಕ್ಕಿಂತ ಹಳೆಯದು. ನಾಟಕ ನಾಯಕನದು, ಚಪ್ಪಾಳೆ ಹಾಸ್ಯಗಾರನದು. ಬರಬರುತ್ತ ಟಿಕೆಟ್ಟು ಮಾರುವವನು ಹಾಸ್ಯಗಾರನೇ ಆದಾಗ, ಅವನ ದೃಶ್ಯಗಳು ಹಿಗ್ಗುತ್ತ ಹೋಗಿ ನಾಯಕನ ಕಥೆ ಮೂಲೆ ಹಿಡಿಯಿತು. ಆ ಹಿಗ್ಗಿನಲ್ಲಿ ದ್ವಂದ್ವಾರ್ಥದ ಮಾತುಗಳೂ ಸೇರಿದುದನ್ನು ನಾವೆಲ್ಲ ಬಲ್ಲೆವು. ಆ ಮಾತುಗಳಿಗೆ ಗುರಿಯಾಗಿ ರಂಗದ ಮೇಲೆ ನಗುತ್ತ ನಿಲ್ಲಬೇಕಾದವಳು ಮಾತ್ರ ನಟಿ.

ಹಾಗೆಂದು ಈ ಮುನಿಸಿಗೆ ಮದ್ದೇ ಇಲ್ಲವೆನ್ನಲಾಗದು. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯು ಮುಂದೆ ವೀರಣ್ಣನವರ ಕೈಗೆ ಬಂದಾಗ, ಮಾಲೀಕರೇ ಹಾಸ್ಯಪಾತ್ರಧಾರಿ. ‘ಸದಾರಮೆ’ಯ ಕಳ್ಳನಾಗಿ ಅವರು ನಾಡಿಗೆಲ್ಲ ಮನೆಮಾತಾದರು. ಒಡೆಯನೇ ಕಳ್ಳನ ವೇಷ ಹಾಕಿ ನಿಂತಲ್ಲಿ, ಆ ವೇಷ ರಾಜನ ವೇಷಕ್ಕಿಂತ ಕೆಳಗಿನದೆಂದು ಯಾವ ರಾಜಪಾರ್ಟಿನವನು ಹೇಳಿಯಾನು? ಆ ಕಂಪನಿಯ ಅನ್ನ ಉಂಡವರೇ ರಾಜಕುಮಾರ್, ನರಸಿಂಹರಾಜು, ಬಾಲಕೃಷ್ಣ, ಜಿ. ವಿ. ಅಯ್ಯರ್. ಚಿತ್ರರಂಗದಲ್ಲಿ ಕೆಲಸ ದುರ್ಲಭವಾದ ಕಾಲದಲ್ಲಿ ಈ ನಾಲ್ವರೂ ಕಲಾವಿದರ ಸಂಘ ಕಟ್ಟಿ, ಊರೂರಿಗೆ ನಾಟಕ ಒಯ್ದು, 1960ರಲ್ಲಿ ‘ರಣಧೀರ ಕಂಠೀರವ’ ಚಿತ್ರವನ್ನು ತಾವೇ ನಿರ್ಮಿಸಿದರು. ನಾಯಕನೂ ಹಾಸ್ಯಗಾರರೂ ಪಾಲುದಾರರಾದ ಈ ಪ್ರಸಂಗದಲ್ಲಿ ಹಾಸ್ಯಮಾಲಿಕೆಗೆ ಬೇಕಾದ ಜಗಳ ಸಿಕ್ಕಲಾರದು. ಬಡತನದಲ್ಲಿ ಜಗಳವಾಡಲು ಬಿಡುವಿಲ್ಲವೆಂದು ಯಾರಾದರೂ ಹೇಳಿದರೆ ನಾನು ಒಪ್ಪಲಾರೆ. ಬಿಡುವಿತ್ತು; ಆದರೆ ಹೊರಗೆ ಕಾದಿರುವವರ ಪಾಡು ಏನೆಂದು ನಾಲ್ವರೂ ಉಂಡು ಬಲ್ಲವರಾಗಿದ್ದರು.

ಇನ್ನೂ ಒಂದು ಬಗೆಯ ರಂಗಭೂಮಿ ನಮ್ಮಲ್ಲಿದೆ. ಅಲ್ಲಿ ಈ ಜಗಳಕ್ಕೆ ಎಡೆಯೇ ಇಲ್ಲ. ಕೊಪ್ಪಳ ತಾಲ್ಲೂಕಿನ ಮೊರನಾಳದ ತೊಗಲುಗೊಂಬೆಯವರನ್ನು ನೆನೆದು ಈ ಮಾತು ಹೇಳುತ್ತಿದ್ದೇನೆ. ಆ ಊರಿನ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ, ತೊಂಬತ್ತು ದಾಟಿದ ವಯಸ್ಸಿನಲ್ಲಿ, 2025ರಲ್ಲಿ ಪದ್ಮಶ್ರೀ ಬಂದಿತು. ಕಿಷ್ಕಿಂಧೆಯೆಂದು ಹೇಳುವ ಆನೆಗೊಂದಿ ಗಂಗಾವತಿ ತಾಲ್ಲೂಕಿನಲ್ಲಿಯೇ ಇರುವುದರಿಂದ ವಾಲಿ ಸುಗ್ರೀವರ ಕಾಳಗ ನಮಗೆ ನೆರೆಮನೆಯ ವ್ಯಾಜ್ಯವಿದ್ದಂತೆ. ತೊಗಲುಗೊಂಬೆಯಾಟದಲ್ಲಿ ಎದುರಾಳಿಗಳಿಬ್ಬರ ಮಾತೂ ಒಂದೇ ಗಂಟಲಿನಿಂದ ಹೊರಡಬಹುದು. ಒಂದು ಕೈ ಒಬ್ಬನನ್ನು ಎತ್ತಿ ಹಿಡಿದರೆ ಇನ್ನೊಂದು ಕೈ ಇನ್ನೊಬ್ಬನನ್ನು. ನಡುವೆ ಕಿಳ್ಳೇಕ್ಯಾತ ನುಗ್ಗಿ ರಾಜರನ್ನೂ ಬಿಡದೆ ಗೇಲಿ ಮಾಡಿ ಹೋಗುತ್ತಾನೆ. ಅವನ ದನಿಯೂ ಪರದೆಯ ಹಿಂದಿನ ಆ ಮನೆಯವರದೇ. ಹೆಸರು ಮೇಲೆ ಕೆಳಗೆ ಎಂಬ ಪ್ರಶ್ನೆ ಏಳುವುದಾದರೂ ಹೇಗೆ? ಆಡಿಸುವವರು ಪ್ರೇಕ್ಷಕರಿಗೆ ಕಾಣುವುದೇ ಇಲ್ಲ.

ಕನ್ನಡದ ದೂರದರ್ಶನ ವಾಹಿನಿಗಳಲ್ಲಿ ಹಾಸ್ಯಕ್ಕೆ ಬರವಿಲ್ಲ. ಕಚೇರಿಯ ಹಾಸ್ಯ, ಸಂಸಾರದ ಹಾಸ್ಯ, ವೇದಿಕೆಯ ಹಾಸ್ಯ ಎಲ್ಲವೂ ಬಂದಿವೆ. ತಮ್ಮದೇ ಬಣ್ಣದ ಮನೆಯ ಪರದೆಯನ್ನು ಎತ್ತುವವರು ಬರುವುದಾದರೆ, ಅವರು ಸ್ಟುಡಿಯೋದ ಅಧಿಕಾರಿಗಳನ್ನು ನಕಲು ಮಾಡುವ ಬದಲು ಯುಗಾದಿಯ ಹೊತ್ತಿಗೆ ಕುಷ್ಟಗಿ ಅಥವಾ ಯಲಬುರ್ಗಾ ತಾಲ್ಲೂಕಿನ ಯಾವುದಾದರೂ ಹಳ್ಳಿಗೆ ಬರಲಿ ಎಂಬುದು ನನ್ನ ಆಸೆ. ಅಲ್ಲಿ ರೈತರೇ ಪಟ್ಟಿ ಹಾಕಿ ನಾಟಕ ಆಡುತ್ತಾರೆ. ಮಾಸ್ತರನು ಪಾತ್ರ ಹಂಚಿದ ದಿನದಿಂದಲೇ ಕಾಳಗ ಮೊದಲು. ನಾಯಕನ ಪಾತ್ರ ತನಗೆ ಬರಬೇಕಿತ್ತೆಂದು ಖಳನಾಯಕನಿಗೆ ಸಿಟ್ಟು. ಖಳನಾಯಕನಿಗೆ ಎರಡು ಹಾಡು ಹೆಚ್ಚಾಯಿತೆಂದು ನಾಯಕನಿಗೆ ಸಿಟ್ಟು. ಹೊಲದ ಬದುವಿನ ಹಳೆಯ ವ್ಯಾಜ್ಯವೂ ಇದಕ್ಕೆ ಕೂಡಿಕೊಂಡರೆ ಮುಗಿಯಿತು. ನಟಿ ಮಾತ್ರ ಆ ಊರಿನವಳಲ್ಲ. ಮರಿಯಮ್ಮನಹಳ್ಳಿಯಿಂದಲೋ ಇಳಕಲ್ಲಿನಿಂದಲೋ ಬರುತ್ತಾಳೆ. ಬರುವುದು ನಾಟಕದ ಸಂಜೆ. ಮಾತುಗಳನ್ನು ಮೊದಲೇ ಬಾಯಿಪಾಠ ಮಾಡಿಕೊಂಡಿರುತ್ತಾಳೆ. ಎಂದೂ ನೋಡಿರದ ಗಂಡ, ಅಣ್ಣ, ಮಾವಂದಿರನ್ನು ರಂಗದ ಮೇಲೆಯೇ ಗುರುತು ಹಿಡಿದು ಬೆಳಗಿನವರೆಗೆ ಆಟವನ್ನು ಎಳೆದುಕೊಂಡು ಹೋಗುವವಳು ಅವಳು. ಒಳಗೆ ಶಾಲಿನ ಬಗೆಗೋ ಹಾಡಿನ ಬಗೆಗೋ ಇಬ್ಬರು ಮುನಿದು ಪ್ರವೇಶವನ್ನು ತಡಮಾಡಿದರೆ, ಮಾಸ್ತರನು ವಿಂಗಿನಿಂದ ಅವಳಿಗೆ ಕೈಸನ್ನೆ ಮಾಡುತ್ತಾನೆ. ನಾಟಕದಲ್ಲಿಲ್ಲದ ಹಾಡೊಂದನ್ನು ಅವಳು ಎತ್ತಿಕೊಳ್ಳುತ್ತಾಳೆ. ಜನ ಸಿಳ್ಳೆ ಹಾಕುತ್ತಾರೆ. ಜಗಳ ತೀರುವವರೆಗೆ ಹಾಡು ತೀರುವಂತಿಲ್ಲ.

ಬೆಳಗಾಗುತ್ತದೆ. ಊರವರು ನಾಯಕನಿಗೂ ಖಳನಾಯಕನಿಗೂ ಹಾರ ಹಾಕಿ, ಉಡುಗೊರೆ ಓದಿಸಿ, ಮೈಕಿನಲ್ಲಿ ಹೆಸರು ಕೂಗುತ್ತಾರೆ. ಮುಖದ ಬಣ್ಣವನ್ನು ಕೊಬ್ಬರಿ ಎಣ್ಣೆಯಲ್ಲಿ ಒರೆಸಿಕೊಂಡು, ಮಾಸ್ತರನು ಕೊಟ್ಟ ಹಣವನ್ನು ಎರಡು ಸಲ ಎಣಿಸಿ, ಅವಳು ಮೊದಲ ಬಸ್ಸಿಗೆ ರಸ್ತೆಯ ಕಡೆ ನಡೆಯುತ್ತಾಳೆ. ಅಂದು ರಾತ್ರಿ ಅವಳಿಗೆ ಇನ್ನೊಂದು ಊರಿನಲ್ಲಿ ನಾಟಕವಿದೆ.