ಬಣ್ಣ ಬಳಿದವರು ಬರೆದಿಟ್ಟ ಲೆಕ್ಕ

(ಹಾಸ್ಟೆಲ್ ವಿದ್ಯಾರ್ಥಿಗಳ ಅಧ್ಯಯನ ಶಿಬಿರದಲ್ಲಿ ಆಡಿದ ಮಾತುಗಳ ಬರಹರೂಪ)



ಈಜಿಪ್ಟ್ ಅಂದ ಕೂಡಲೆ ನಮ್ಮ ಪಠ್ಯಪುಸ್ತಕದಲ್ಲಿ ಬರೋದು ಪಿರಮಿಡ್ಡು, ಮಮ್ಮಿ, ಚಿನ್ನದ ಮುಖವಾಡ ಹಾಕಿಕೊಂಡ ದೊರೆ. ಆ ದೊರೆಗಳ ಹೆಸರನ್ನು ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಬರೆದು, ಮರೆತುಬಿಡ್ತೀವಿ. ಇವತ್ತು ನಾನು ಹೇಳೋಕೆ ಬಂದಿರೋದು ಆ ದೊರೆಗಳ ಗೋರಿಯೊಳಗೆ ಕಲ್ಲು ಕಡಿದು, ಗಾರೆ ಮೆತ್ತಿ, ಬಣ್ಣ ಬಳಿದ ಜನರ ವಿಷಯ. ಅವರಿಗೂ ಈ ಜಮಖಾನದ ಮೇಲೆ ಕೂತಿರೋ ನಮಗೂ ಏನು ಸಂಬಂಧ ಅನ್ನೋದನ್ನ ಕೊನೆಗೆ ಹೇಳ್ತೀನಿ.

ನೈಲ್ ನದಿಯ ಪಶ್ಚಿಮಕ್ಕೆ, ಇವತ್ತಿನ ಲಕ್ಸರ್ ಪಟ್ಟಣದ ಎದುರಿಗೆ, ಬೋಳುಗುಡ್ಡಗಳ ನಡುವೆ ದೇರ್ ಎಲ್ ಮದೀನಾ ಅಂತ ಒಂದು ಹಾಳೂರು ಇದೆ. ಸುಮಾರು ಕ್ರಿ.ಪೂ. 1500ರಿಂದ 1100ರವರೆಗೆ, ನಾನೂರು ವರ್ಷ, ರಾಜರ ಕಣಿವೆಯ ಗೋರಿಗಳನ್ನು ಮಾಡುತ್ತಿದ್ದ ಕಸುಬಿನವರು ಅಲ್ಲಿ ಸಂಸಾರ ಸಮೇತ ಬದುಕಿದರು. ಸುತ್ತ ಗೋಡೆ. ಒಳಗೆ ಒಂದಕ್ಕೊಂದು ಅಂಟಿಕೊಂಡ ಎಪ್ಪತ್ತರ ಹತ್ತಿರ ಮನೆ. ಊರಲ್ಲಿ ಬಾವಿ ಇರಲಿಲ್ಲ. ಕುಡಿಯೋ ನೀರನ್ನೂ ಕೆಳಗಿನಿಂದ ಕತ್ತೆ ಮೇಲೆ ಹೇರಿ ತರಬೇಕಾಗಿತ್ತು.

ಇವರ ಕೆಲಸದ ರೀತಿ ನೋಡಬೇಕಾದರೆ ಹೊರೆಂಹೆಬ್ ಎಂಬ ದೊರೆಯ ಗೋರಿಗೆ ಹೋಗಬೇಕು. ಅದರ ಕೆಲಸ ಅರ್ಧಕ್ಕೇ ನಿಂತುಹೋಗಿತ್ತು. 1908ರಲ್ಲಿ ಅದು ಪತ್ತೆಯಾದಾಗ ಒಂದೊಂದು ಹಂತವೂ ಗೋಡೆ ಮೇಲೆ ಹಾಗೆಯೇ ಇತ್ತು. ಮೊದಲು ಅಳತೆಗೆ ಚೌಕದ ಗೆರೆಗಳು. ಅದರ ಮೇಲೆ ಕೆಂಪು ಬಣ್ಣದಲ್ಲಿ ರೂಪು. ಆ ಕೆಂಪಿನ ಮೇಲೆ ಕಪ್ಪಿನಲ್ಲಿ ತಿದ್ದುಪಡಿ. ಇನ್ನೊಂದು ಕಡೆ ಉಳಿಯಲ್ಲಿ ಅರ್ಧ ಕೆತ್ತಿ ಬಿಟ್ಟ ಉಬ್ಬುಚಿತ್ರ. ಮತ್ತೊಂದು ಕಡೆ ಬಣ್ಣ ತುಂಬಿ ಮುಗಿದ ದೇವರು. ಕೆಂಪುಮಣ್ಣು, ಹಳದಿಮಣ್ಣು, ಮಸಿ, ಸುಣ್ಣ ಇವೇ ಬಣ್ಣ. ನೀಲಿಯನ್ನು ಮಾತ್ರ ಮರಳು, ಸುಣ್ಣಕಲ್ಲು, ತಾಮ್ರ ಕೂಡಿಸಿ ಸುಟ್ಟು ತಯಾರಿಸುತ್ತಿದ್ದರು. ಬಿಸಿಲು ಹೊಗದ ಆಳದಲ್ಲಿ, ಹಳೇ ಬಟ್ಟೆಯ ಬತ್ತಿ ಹಚ್ಚಿದ ದೀಪದಲ್ಲಿ ಇಷ್ಟೂ ಕೆಲಸ. ಎಷ್ಟು ಬತ್ತಿ ಉರಿಯಿತು ಅನ್ನೋದಕ್ಕೂ ಲೆಕ್ಕ, ಉಳಿಯ ತಾಮ್ರಕ್ಕೂ ತೂಕ.

ಗುಂಪನ್ನು ಎಡ, ಬಲ ಅಂತ ಎರಡು ಪಾಲು ಮಾಡಿದ್ದರು. ಒಂದೊಂದಕ್ಕೂ ಒಬ್ಬ ಮೇಸ್ತ್ರಿ. ನಮ್ಮಲ್ಲಿ ಎಡ ಬಲ ಅಂದರೆ ಏನು ನೆನಪಾಗುತ್ತೆ ಅಂತ ನಿಮಗೆ ಗೊತ್ತು, ನಾನು ಹೇಳಬೇಕಾಗಿಲ್ಲ. ಅವರದು ಕೆಲಸಕ್ಕಾಗಿ ಮಾಡಿದ ಪಾಲು. ಹೊಟ್ಟೆಗೆ ಬಿದ್ದಾಗ ಆ ಗುಂಪು ಒಟ್ಟಿಗೇ ಎದ್ದಿತು.

ಇವರು ಗುಲಾಮರಾಗಿರಲಿಲ್ಲ. ತಿಂಗಳಿಗೆ ಇಷ್ಟು ಅಂತ ಗೋಧಿ, ಬಾರ್ಲಿ ಕೂಲಿ ಬರುತ್ತಿತ್ತು. ಜೊತೆಗೆ ಮೀನು, ತರಕಾರಿ, ಸೌದೆ. ಎಲ್ಲವೂ ಸರ್ಕಾರದ ಕಣಜದಿಂದ ಬರಬೇಕು. ಮೂರನೇ ರಾಮ್ಸೆಸ್ ದೊರೆಯ ಆಳ್ವಿಕೆಯ 29ನೇ ವರ್ಷ, ಅಂದ್ರೆ ಕ್ರಿ.ಪೂ. 1150ರ ಆಸುಪಾಸಿನಲ್ಲಿ, ಆ ಪಡಿ ನಿಂತುಹೋಯಿತು. ದಿನ ಕಳೆದರೂ ಕಾಳಿಲ್ಲ. ಆಗ ಇವರು ಉಳಿ, ಕುಂಚ ಕೆಳಗಿಟ್ಟರು. ಐದು ಕಾವಲುಗೋಡೆ ದಾಟಿ ಹೋಗಿ ಒಂದು ದೇವಾಲಯದ ಹಿಂದೆ ಕೂತರು. ಅಧಿಕಾರಿಗಳು ಬಂದು ಒಳಗೆ ನಡೀರಿ ಅಂದರೆ ಏಳಲಿಲ್ಲ. ಹಸಿವು, ಬಾಯಾರಿಕೆ ನಮ್ಮನ್ನ ಇಲ್ಲಿಗೆ ತಂದಿದೆ. ಬಟ್ಟೆಯಿಲ್ಲ, ಎಣ್ಣೆಯಿಲ್ಲ, ಮೀನಿಲ್ಲ, ತರಕಾರಿಯಿಲ್ಲ. ದೊರೆಗೆ ಬರೆಯಿರಿ, ಮಂತ್ರಿಗೆ ಬರೆಯಿರಿ ಅಂದರು. ಕೊನೆಗೆ ಹಿಂದಿನ ತಿಂಗಳ ಬಾಕಿ ಕೊಟ್ಟರು. ಮತ್ತೆ ತಡವಾಯಿತು, ಮತ್ತೆ ಹೊರಬಂದರು.

ಮಂತ್ರಿ ಆ ಕಡೆಗೆ ಬಂದದ್ದು ಯಾವುದಕ್ಕೆ? ದೊರೆಯ ಮೂವತ್ತನೇ ವರ್ಷದ ಉತ್ಸವಕ್ಕೆ ದೇವರುಗಳನ್ನು ಕರೆದುಕೊಂಡು ಹೋಗೋದಕ್ಕೆ. ಹಸಿದವರ ಮುಂದೆ ಅವನು ಬರಲಿಲ್ಲ. ಕಣಜದಲ್ಲೇ ಏನೂ ಇಲ್ಲ, ಸಿಕ್ಕಿದ್ದು ಕೊಡ್ತೀನಿ ಅಂತ ಪೊಲೀಸಿನವನ ಕೈಲಿ ಹೇಳಿಕಳಿಸಿದ. ಸಿಕ್ಕಿದ್ದು ಅರ್ಧ ಪಡಿ. ಉತ್ಸವಕ್ಕೆ ಉಂಟು, ಊಟಕ್ಕೆ ಇಲ್ಲ ಅನ್ನೋ ಮಾತು ಅಷ್ಟು ಹಳೆಯದು.

ಇದೆಲ್ಲ ನಮಗೆ ತಿಳಿದಿದ್ದು ಹೇಗೆ? ದೊರೆಯ ಶಾಸನದಿಂದ ತಿಳಿದದ್ದಲ್ಲ. ಆ ಊರಿನ ಲಿಪಿಕಾರ ಅಮೆನ್ನಖ್ತ್ ಎಂಬಾತನೇ ಬರೆದಿಟ್ಟದ್ದು ಅಂತ ಹೇಳುತ್ತಾರೆ. ಆ ಹಾಳೆ ಈಗ ಇಟಲಿಯ ಟ್ಯೂರಿನ್ ಮ್ಯೂಸಿಯಮ್ಮಿನಲ್ಲಿದೆ. ಲಿಖಿತ ದಾಖಲೆ ಇರುವ ಮೊದಲ ಮುಷ್ಕರ ಅಂತ ಇತಿಹಾಸಕಾರರು ಇದನ್ನೇ ತೋರಿಸ್ತಾರೆ. ಆ ಊರಲ್ಲಿ ಅಕ್ಷರ ಬಲ್ಲವರು ಬೇರೆ ಊರುಗಳಿಗಿಂತ ಜಾಸ್ತಿ. ಸುಣ್ಣಕಲ್ಲಿನ ಚಕ್ಕೆ, ಮಡಕೆ ಚೂರು, ಕೈಗೆ ಸಿಕ್ಕಿದ್ದರ ಮೇಲೆ ಬರೆದರು. ಅಂಥ ಚೂರುಗಳು ಸಾವಿರಾರು ಸಿಕ್ಕಿವೆ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ ಒಂದು ಚಕ್ಕೆ ಎರಡನೇ ರಾಮ್ಸೆಸ್ ಕಾಲದ ಹಾಜರಿ ಪಟ್ಟಿ. ಇವನಿಗೆ ಚೇಳು ಕಡಿಯಿತು, ಇವನಿಗೆ ಕಣ್ಣು ಬೇನೆ, ಇವನು ತಾಯಿಯ ಶವಸಂಸ್ಕಾರಕ್ಕೆ ಹೋದ ಅಂತ ಹೆಸರು ಹಿಡಿದು ಬರೆದಿದೆ.

ಅದೇ ಊರಿನ ಸೆನ್ನೆಜೆಮ್ ಎಂಬ ಕೆಲಸಗಾರನ ಗೋರಿ 1886ರಲ್ಲಿ ಸಿಕ್ಕಿತು. ದೊರೆಗೆ ಬಣ್ಣ ಬಳಿದ ಕೈಗಳು ಅಲ್ಲಿ ತಮ್ಮವರಿಗಾಗಿ ಬಳಿದಿವೆ. ಅವನೂ ಹೆಂಡತಿಯೂ ಪರಲೋಕದ ಹೊಲದಲ್ಲಿ ಉಳುತ್ತಿದ್ದಾರೆ, ಬಿತ್ತುತ್ತಿದ್ದಾರೆ, ಕೊಯ್ಯುತ್ತಿದ್ದಾರೆ. ಪೈರು ಸೊಂಟದ ಎತ್ತರ ಇದೆ.

ಆದರೆ ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಆ ಊರಿಗೆ ನೀರು ಹೊತ್ತವರು, ಬಟ್ಟೆ ಒಗೆದವರು, ಸೌದೆ ಕಡಿದವರು ಬೇರೆ. ಅವರನ್ನು ದಾಖಲೆಗಳು ಕರೆಯೋದೇ ಹೊರಗಿನವರು ಅಂತ. ಗೋಧಿ ಬೀಸೋ ದಾಸಿಯರ ದುಡಿಮೆಯ ದಿನಗಳನ್ನು ಮನೆಮನೆಗೆ ಹಂಚುತ್ತಿದ್ದರು. ಆ ಹೆಂಗಸರು ತಮ್ಮ ಕೈಯಲ್ಲಿ ಬರೆದ ಚೂರು ನಮಗೆ ಸಿಕ್ಕಿಲ್ಲ. ಬರೆಯದವರ ಹಸಿವು ಲೆಕ್ಕಕ್ಕೆ ಸಿಗೋದಿಲ್ಲ.

ಗೆಳೆಯರೇ, ನಮ್ಮ ಸಂಬಂಧ ಇರೋದು ಇಲ್ಲಿ. ತಮಟೆಗೆ ಚರ್ಮ ಬಿಗಿದ ಕೈ, ಚಪ್ಪಲಿ ಹೊಲಿದ ಕೈ, ಗುಡಿಗೆ ಕಲ್ಲು ಹೊತ್ತು ಆಮೇಲೆ ಗುಡಿಯ ಹೊರಗೆ ನಿಂತ ಕೈ ನಮ್ಮ ತಾತ ಮುತ್ತಾತರದು. ಕಸುಬು ಇತ್ತು, ಕಲೆ ಇತ್ತು. ಅಕ್ಷರ ಮಾತ್ರ ಮುಟ್ಟಗೊಡಲಿಲ್ಲ. ಬಾಬಾಸಾಹೇಬರು ಶಿಕ್ಷಣ, ಸಂಘಟನೆ, ಹೋರಾಟ ಮೂರನ್ನೂ ಒಟ್ಟಿಗೆ ಯಾಕೆ ಹೇಳಿದರು ಅಂತ ಈ ಊರಿನ ಕತೆ ಕೇಳಿದರೆ ಅರ್ಥವಾಗುತ್ತೆ. ಆದ್ದರಿಂದ ಪ್ರತಿ ಹಾಸ್ಟೆಲ್ಲಿನಲ್ಲೂ ಒಂದು ನೋಟ್‌ಬುಕ್ ಇಡಿ. ಅಕ್ಕಿ ಯಾವ ದಿನ ಬಂತು, ಎಷ್ಟು ಬಂತು, ಸ್ಕಾಲರ್‌ಶಿಪ್ ಎಷ್ಟು ತಿಂಗಳು ತಡವಾಯಿತು, ಯಾರು ಕೇಳಿದರು, ಯಾರು ಏನು ಉತ್ತರ ಕೊಟ್ಟರು, ತಾರೀಖು ಹಾಕಿ ಬರೆಯಿರಿ. ಅಡುಗೆಯ ಅಕ್ಕನ ಸಂಬಳ ಬಂತೋ ಇಲ್ಲವೋ ಅದನ್ನೂ ಬರೆಯಿರಿ. ರಜಕ್ಕೆ ಊರಿಗೆ ಹೋದಾಗ ತಾತನ ಹತ್ತಿರ ಕೂತು ಅವನು ಮಾಡಿದ ಕೆಲಸವನ್ನ, ಅವನ ಹೆಸರು ಸಮೇತ ಬರೆದುಕೊಂಡು ಬನ್ನಿ. ಮುಂದಿನ ಶಿಬಿರಕ್ಕೆ ಬರುವಾಗ ಆ ನೋಟ್‌ಬುಕ್ ತನ್ನಿ, ಎಲ್ಲರೂ ಕೂತು ಓದೋಣ.

ಜೈ ಭೀಮ್.