ಹತ್ತಿಕಾಳು, ಗಂಧಕಾಮ್ಲ ಮತ್ತು ತೊಟ್ಟಿ ತುಂಬ ನೀರು



ರಾಯಚೂರಿನಿಂದ ಕಲ್ಮಲದ ಕೂಡುರಸ್ತೆಗೆ ಬಂದರೆ ಒಂದು ದಾರಿ ಮಾನ್ವಿಗೆ, ಇನ್ನೊಂದು ದೇವದುರ್ಗಕ್ಕೆ ಹೋಗುತ್ತದೆ. ಸುಗ್ಗಿಯಲ್ಲಿ ಈ ದಾರಿಗಳಲ್ಲಿ ಹತ್ತಿ ಹೇರಿದ ಲಾರಿಗಳನ್ನು ನೀವು ನೋಡಿರುತ್ತೀರಿ. ಜಿನ್ನಿನಲ್ಲಿ ಅರಳೆ ಬೇರೆಯಾದ ಮೇಲೂ ಹತ್ತಿಕಾಳಿನ ಮೈಗೆ ನವಿರಾದ ಕಿರುನಾರು ಅಂಟಿಕೊಂಡಿರುತ್ತದೆ. ಅದರಿಂದಾಗಿ ಕಾಳುಗಳು ಒಂದಕ್ಕೊಂದು ತೊಡರಿಕೊಳ್ಳುತ್ತವೆ, ಬಿತ್ತುವಾಗ ಸರಾಗವಾಗಿ ಉದುರುವುದಿಲ್ಲ.

ಈ ನಾರನ್ನು ತೆಗೆಯಲು ಬಳಸುವುದು ಗಂಧಕಾಮ್ಲ, ಅಂದರೆ ಸಲ್ಫ್ಯೂರಿಕ್ ಆಸಿಡ್. ಒಂದು ಕಿಲೋ ಕಾಳಿಗೆ ಸುಮಾರು 100 ಮಿಲಿಲೀಟರ್ ಸಾಂದ್ರ ಆಮ್ಲ ಹಾಕಿ ಎರಡು ಮೂರು ನಿಮಿಷ ತಿರುವಿದರೆ ಕಾಳು ಕಾಫಿ ಬಣ್ಣಕ್ಕೆ ತಿರುಗುತ್ತದೆ. ಕೂಡಲೇ ನಾಲ್ಕೈದು ಸಲ ನೀರಿನಲ್ಲಿ ತೊಳೆದು, ಉಳಿದ ಆಮ್ಲವನ್ನು ಸುಣ್ಣದ ತಿಳಿನೀರಿನಿಂದ ತಣಿಸುತ್ತಾರೆ. ತೊಳೆಯುವಾಗ ಜೊಳ್ಳು ಕಾಳು ತೇಲಿಬರುವುದೂ ಒಂದು ಲಾಭವೇ.

2002ರಲ್ಲಿ ಬಿ.ಟಿ. ಹತ್ತಿಗೆ ಅನುಮತಿ ದೊರೆತ ನಂತರ ಪೊಟ್ಟಣದ ಬೀಜ ಕೊಳ್ಳುವುದೇ ರೂಢಿಯಾಯಿತು. ಈ ಕೆಲಸ ರೈತರ ಅಂಗಳದಿಂದ ಬೀಜ ಸಂಸ್ಕರಣೆಯ ಘಟಕಗಳಿಗೆ ಹೋಯಿತು. ಆಮ್ಲವೂ ಜೊತೆಗೇ ಹೋಯಿತು. ಅಲ್ಲಿ ದುಡಿಯುವವರು ನಿಮ್ಮ ಅಣ್ಣಂದಿರೋ ಅಕ್ಕಂದಿರೋ ಆಗಿರಬಹುದು.

ಈಗ ಸ್ವಲ್ಪ ಯೋಚಿಸಿ. ಕಿರುನಾರೆಂದರೆ ಸೆಲ್ಯುಲೋಸ್. ನೀವು ತೊಟ್ಟ ಹತ್ತಿಯ ಅಂಗಿಯೂ ಸೆಲ್ಯುಲೋಸ್. ಎರಡು ನಿಮಿಷದಲ್ಲಿ ನಾರನ್ನು ತಿನ್ನುವ ಆಮ್ಲ ಅಂಗಿಯನ್ನು ಬಿಟ್ಟೀತೇ? ಪಂಚೆ, ಟವೆಲ್ಲು ಸುತ್ತಿಕೊಂಡರೆ ರಕ್ಷಣೆಯಾಗದು. ಆಮ್ಲ ತಡೆಯುವ ರಬ್ಬರಿನ ಉದ್ದ ಕೈಗವಸು, ಏಪ್ರನ್, ಬೂಟು, ಕಣ್ಣಿಗೆ ಸುತ್ತಲೂ ಮುಚ್ಚುವ ಕನ್ನಡಕ ಬೇಕೇ ಬೇಕು. ಕಬ್ಬಿಣದ ಅಥವಾ ಸತುವಿನ ಲೇಪದ ಬಕೆಟ್ಟು ಕೂಡದು; ಆಮ್ಲ ಲೋಹವನ್ನು ಕೊರೆದು, ಹೊತ್ತಿಕೊಳ್ಳುವ ಹೈಡ್ರೋಜನ್ ಅನಿಲವನ್ನು ಬಿಡುತ್ತದೆ.

ಆಮ್ಲಕ್ಕೆ ನೀರು ಸುರಿಯಬಾರದು, ನೀರಿಗೇ ಆಮ್ಲ ಹಾಕಬೇಕು ಎಂದು ಪ್ರಯೋಗಾಲಯದಲ್ಲಿ ಕೇಳಿದ್ದೀರಿ. ಪರೀಕ್ಷೆಗೆಂದು ಉರುಹೊಡೆದವರೇ ಹೆಚ್ಚು, ಇರಲಿ. ಕಾರಣ ಇದು: ಸಾಂದ್ರ ಆಮ್ಲದ ಒಂದು ಲೀಟರ್ ಸುಮಾರು 1.84 ಕಿಲೋ ತೂಗುತ್ತದೆ. ಅದರ ಮೇಲೆ ಸುರಿದ ಅಲ್ಪ ನೀರು ಮೇಲೆಯೇ ನಿಂತು, ಎರಡೂ ಸೇರುವಲ್ಲಿ ಹುಟ್ಟುವ ಶಾಖಕ್ಕೆ ಕುದಿದು, ಆಮ್ಲವನ್ನು ಹೊತ್ತು ಮುಖಕ್ಕೆ ಸಿಡಿಯುತ್ತದೆ. ಆದ್ದರಿಂದ ಆಮ್ಲ ಹತ್ತಿದ ಕಾಳಿನ ಮೇಲೆ ಚೊಂಬಿನಿಂದ ನೀರು ಚಿಮುಕಿಸುವುದು ಅಪಾಯ. ತುಂಬಿದ ತೊಟ್ಟಿಗೆ ಕಾಳನ್ನೇ ಸ್ವಲ್ಪ ಸ್ವಲ್ಪವಾಗಿ ಸುರಿಯಬೇಕು. ಆಮ್ಲದ ಕ್ಯಾನು ತೆರೆಯುವ ಮುನ್ನವೇ ತೊಟ್ಟಿ ತುಂಬಿರಬೇಕು.

ಒಂದು ತೊಡಕೆಂದರೆ, ಕ್ಯಾಮೆರಾದ ಕಣ್ಣಿಗೆ ಆಮ್ಲವೂ ನೀರೂ ಒಂದೇ ತೆರ. ನಿಮ್ಮ ಕಣ್ಣಿಗೂ ಹಾಗೆಯೇ. ತಂಪು ಪಾನೀಯದ ಖಾಲಿ ಬಾಟಲಿಗೆ ಆಮ್ಲ ತುಂಬಿಡುವುದು ಇದೇ ಕಾರಣಕ್ಕೆ ಘೋರ ತಪ್ಪು. 2013ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯವು ಆಮ್ಲದ ಚಿಲ್ಲರೆ ಮಾರಾಟಕ್ಕೆ ಕಟ್ಟುಪಾಡು ವಿಧಿಸಿತು. 18 ವರ್ಷ ತುಂಬದವರಿಗೆ ಮಾರುವಂತಿಲ್ಲ.

ಮೈಮೇಲೆ ಬಿದ್ದರೆ? ಬಟ್ಟೆ ಕಳಚುತ್ತಲೇ ಧಾರಾಳವಾಗಿ ಹರಿಯುವ ನೀರು, ಕನಿಷ್ಠ ಇಪ್ಪತ್ತು ನಿಮಿಷ. ಕಣ್ಣಿಗಾದರೆ ರೆಪ್ಪೆ ಬಿಡಿಸಿ ಹಿಡಿದು, ಅಷ್ಟೇ ಹೊತ್ತು. ಸುಣ್ಣ, ಸೋಡಾ, ಎಣ್ಣೆ, ಟೂತ್‌ಪೇಸ್ಟ್ ಯಾವುದೂ ಬೇಡ. ಸುಣ್ಣ ಕಾಳಿಗೆ ಸರಿ, ಚರ್ಮದ ಮೇಲೆ ಅದು ಇನ್ನಷ್ಟು ಸುಡುತ್ತದೆ. ನುಂಗಿದವರಿಗೆ ವಾಂತಿ ಮಾಡಿಸಬೇಡಿ. ಆಸ್ಪತ್ರೆಗೆ ಹೋಗುವಾಗ ಕ್ಯಾನಿನ ಮೇಲಿನ ಹೆಸರನ್ನು ಬರೆದುಕೊಂಡು ಹೋಗಿ, ವೈದ್ಯರು ಮೊದಲು ಕೇಳುವುದು ಅದನ್ನೇ.